ಕವಡೆ, ಚೀಟಿ, ಕೊಳಗ: ಕಾಲೇಜು ಕ್ಲಾಸಲ್ಲಿ ಆಟ ಆಡ್ಸೋದು

ಈ ಸಲ ಬಂದ ಪತ್ರಗಳಲ್ಲಿ ಐದು ಒಂದೇ ವಿಷಯದ್ದು, ಡಿಗ್ರಿ, ಪಿಜಿ ಮಕ್ಕಳಿಗೆ ಆಟ ಆಡ್ಸಿ ಪಾಠ ಮಾಡ್ಬಹುದಾ, ಮಾಡಿದ್ರೆ ಏನಾದ್ರೂ ತಲೆಗೆ ಹೋಗ್ತದಾ ಅಂತ. ಹಾಗಾಗಿ ಬೇರೆ ಪ್ರಶ್ನೆಗಳನ್ನ ಮುಂದಿನ ಸಂಚಿಕೆಗೆ ಇಟ್ಟು ಇದನ್ನೇ ತಗೊಂಡಿದೀನಿ. ನಾನು ಶಿವಮೊಗ್ಗದಲ್ಲಿ ಇಪ್ಪತ್ತಾರು ವರ್ಷ ಸ್ಟಾಟಿಸ್ಟಿಕ್ಸ್ ಪಾಠ ಮಾಡಿದವಳು, ಅದರಲ್ಲಿ ಕೊನೇ ಹದಿನೈದು ವರ್ಷ ಆಟ ಇಲ್ದೆ ಒಂದು ಸೆಮಿಸ್ಟರ್ ಕಳೆದಿಲ್ಲ, ಆದ್ರಿಂದ ಪುಸ್ತಕದಲ್ಲಿ ಓದಿದ್ದಕ್ಕಿಂತ ಕ್ಲಾಸಲ್ಲಿ ಕಂಡದ್ದನ್ನೇ ಹೆಚ್ಚು ಹೇಳ್ತೀನಿ.

ಪ್ರಶ್ನೆ: ಮೇಡಂ ನಮಸ್ತೆ. ಸಾಗರದ ಹತ್ರ ಒಂದು ಡಿಗ್ರಿ ಕಾಲೇಜಲ್ಲಿ ಗೆಸ್ಟ್ ಲೆಕ್ಚರರ್ ಆಗಿದೀನಿ, ಬಿಕಾಂ ಮಕ್ಕಳಿಗೆ ಸ್ಟಾಟಿಸ್ಟಿಕ್ಸ್ ತಗೋತೀನಿ. ಬೈನಾಮಿಯಲ್ ಡಿಸ್ಟ್ರಿಬ್ಯೂಷನ್ ಶುರು ಆಯ್ತು ಅಂದ್ರೆ ಅರ್ಧ ಕ್ಲಾಸ್ ಆಕಳಿಸುತ್ತೆ. ಆಟ ಆಡ್ಸಿ ಹೇಳ್ಕೊಡೋಣ ಅಂತ ಆಸೆ, ಆದ್ರೆ ಪ್ರೊಜೆಕ್ಟರ್ ಇಲ್ಲ, ಮಳೆಗಾಲದಲ್ಲಿ ಕರೆಂಟೇ ಇರಲ್ಲ, ಕೈಯಿಂದ ದುಡ್ಡು ಹಾಕೋಣ ಅಂದ್ರೆ ನಮ್ಮ ಸಂಬಳ ನಿಮಗೆ ಗೊತ್ತೇ ಇದೆ. ಪ್ರಿನ್ಸಿಪಾಲರ ಹತ್ರ ಹೇಳಿದ್ದಕ್ಕೆ "ಆಟಕ್ಕೆ ಗ್ರೌಂಡ್ ಇದ್ಯಲ್ಲಮ್ಮ" ಅಂದ್ರು. ಏನು ಮಾಡ್ಲಿ?

ಉತ್ತರ: ನಿಮಗೆ ಬೇಕಾಗಿರೋದು ನಲವತ್ತು ಕವಡೆ, ಅದು ಸಿಗ್ಲಿಲ್ಲ ಅಂದ್ರೆ ಹುಣಸೆ ಬೀಜ. ಚೌಕಾಬಾರ ಆಡ್ಸಿ. ನಿಮ್ಮ ಕ್ಲಾಸಲ್ಲಿ ಅಜ್ಜಿ ಜೊತೆ ಚೌಕಾಬಾರ ಆಡದ ಮಗು ಒಂದೂ ಇರಲಿಕ್ಕಿಲ್ಲ, ಹಾಗಾಗಿ ರೂಲ್ಸ್ ಹೇಳೋಕೆ ಟೈಮ್ ಹೋಗಲ್ಲ, ಇದು ದೊಡ್ಡ ಅನುಕೂಲ. ನಾಲ್ಕು ಕವಡೆ ಹಾಕ್ತಾರೆ, ಅಂಗಾತ ಬಿದ್ದದ್ದು ಎಷ್ಟೋ ಅಷ್ಟು ಮನೆ, ನಾಲ್ಕೂ ಅಂಗಾತ ಬಿದ್ರೆ ಚೌಕ, ನಾಲ್ಕೂ ಬೋರಲು ಬಿದ್ರೆ ಬಾರ ಅಂದ್ರೆ ಎಂಟು, ಈ ಎರಡು ಬಿದ್ರೆ ಮತ್ತೊಂದ್ಸಲ ಹಾಕ್ಬಹುದು. ಎರಡೇ ಥರ ಬೀಳೋದನ್ನ n ಸಲ ಹಾಕಿದ್ರೆ ಒಂದು ಥರ ಎಷ್ಟು ಸಲ ಬೀಳ್ತದೆ ಅನ್ನೋ ನಿಮ್ಮ ಬೈನಾಮಿಯಲ್ಲೇ ಅಲ್ವಾ ಇದು, n ಅನ್ನೋ ಜಾಗದಲ್ಲಿ 4, ಅಷ್ಟೆ. ಆದ್ರೆ ಮೊದಲೇ ಅದನ್ನ ಬೋರ್ಡ್ ಮೇಲೆ ಬರೀಬೇಡಿ.

ಮೊದಲು ಕೇಳಿ, ಒಂದು ಜಾಸ್ತಿ ಬೀಳ್ತದಾ ಎರಡು ಜಾಸ್ತಿ ಬೀಳ್ತದಾ, ಚೌಕ ಕಷ್ಟನಾ ಬಾರ ಕಷ್ಟನಾ. ಪ್ರತಿಯೊಬ್ರೂ ನೋಟ್ಸಲ್ಲಿ ಉತ್ತರ ಬರೆದು ಕೆಳಗೆ ಸೈನ್ ಹಾಕ್ಲಿ. ಈ ಬರೆಸೋದನ್ನ ಬಿಡ್ಬೇಡಿ, ಯಾಕಂದ್ರೆ ಒಂದು ಮಾತಿಗೆ ತಾನು ಕಟ್ಟಿಬಿದ್ದ ಮೇಲೆ ಅದು ಸರಿನೋ ತಪ್ಪೋ ಅನ್ನೋ ಕುತೂಹಲ ತಾನಾಗೇ ಬರ್ತದೆ, ಆಮೇಲೆ ನಿದ್ದೆ ಎಲ್ಲಿಂದ. ಆಮೇಲೆ ನಾಲ್ಕು ನಾಲ್ಕು ಜನರ ಗುಂಪು ಮಾಡಿ, ಪ್ರತಿ ಗುಂಪು 64 ಸಲ ಕವಡೆ ಹಾಕಿ ಬಿದ್ದದ್ದನ್ನ ಗೀಟು ಹಾಕಿ ಲೆಕ್ಕ ಇಡ್ಲಿ. 64 ಯಾಕೆ ಅಂದ್ರೆ ಕವಡೆ ಅಂಗಾತ ಬೀಳೋದು ಬೋರಲು ಬೀಳೋದು ಸಮ ಅಂದ್ಕೊಂಡ್ರೆ ಒಟ್ಟು 16 ರೀತಿ ಬೀಳಬಹುದು, ಒಂದಕ್ಕೆ 4, ಎರಡಕ್ಕೆ 6, ಮೂರಕ್ಕೆ 4, ಚೌಕ ಬಾರಕ್ಕೆ ಒಂದೊಂದು, ಆ ಲೆಕ್ಕದಲ್ಲಿ 64 ಸಲಕ್ಕೆ 16, 24, 16, 4, 4 ಬರ್ಬೇಕು.

ಬರಲ್ಲ! ಅಲ್ಲೇ ಪಾಠ ಇರೋದು. ಒಂದು ವರ್ಷ ನನ್ನ ಕ್ಲಾಸಲ್ಲಿ ಕವಡೆ ಸಾಲದೆ ಒಂದು ಗುಂಪು ಹುಣಸೆ ಬೀಜ ತಗೊಂಡಿತ್ತು, ಒಂದು ಕಡೆ ಕಲ್ಲಿಗೆ ಉಜ್ಜಿ ಬಿಳಿ ಮಾಡಿದ್ದು. ಅವರಿಗೆ 64ರಲ್ಲಿ ಬಾರ 11 ಸಲ ಬಿತ್ತು, ಚೌಕ ಒಂದೇ ಒಂದು ಸಲ. ಪಕ್ಕದ ಗುಂಪಿನ ಹುಡುಗರು ಎದ್ದು ನಿಂತು ಮೋಸ ಮೋಸ ಅಂತ ಗಲಾಟೆ, ಬೀಜ ಹಾಕ್ತಿದ್ದ ಹುಡುಗಿ ಅಳೋ ಹಾಗಾಗಿ "ಮೇಡಂ ನಾನು ಸುಮ್ನೆ ಹಾಕಿದ್ದಷ್ಟೆ" ಅಂದ್ಲು. ನಾನು ಹೇಳ್ದೆ, ಮೋಸ ಅಂತ ಹೇಳೋರು ಲೆಕ್ಕದಲ್ಲಿ ತೋರಿಸಿ ಅಂತ. ಅವರೇ ಎಣಿಸಿದ್ರು, ಸೊನ್ನೆ ಬಿಳಿ 11 ಸಲ, ಒಂದು ಬಿಳಿ 26, ಎರಡು 18, ಮೂರು 8, ನಾಲ್ಕು 1, ಅಂದ್ರೆ ಬಿದ್ದ 256 ಬೀಜದಲ್ಲಿ ಬಿಳಿ ಮೇಲಾಗಿದ್ದು 90 ಮಾತ್ರ. 90ನ್ನ 256ರಿಂದ ಭಾಗಿಸಿದ್ರೆ 0.35. ಹಿಂದಿನ ಬೆಂಚಿನ ಒಬ್ಬ ಹುಡುಗ, ವರ್ಷ ಪೂರ್ತಿ ಬಾಯಿ ಬಿಡದವನು, ಬೀಜ ಕೈಯಲ್ಲಿ ತಿರುಗಿಸ್ತಾ ತಿರುಗಿಸ್ತಾ "ಉಜ್ಜಿದ ಕಡೆ ಚಪ್ಪಟೆ ಆಗಿದೆ ಮೇಡಂ, ಅದೇ ನೆಲಕ್ಕೆ ಕೂತ್ಕೊಳ್ತಿದೆ" ಅಂದ. ಆ 0.35 ಹಾಕಿ ಬೈನಾಮಿಯಲ್ ಲೆಕ್ಕ ಮಾಡ್ಸಿದೆ, ಸುಮಾರು 11, 25, 20, 7, 1 ಬಂತು. ಅವರ ಗೀಟಿನ ಪಕ್ಕ ಬರೆದಾಗ ಕ್ಲಾಸ್ ಒಂದು ಕ್ಷಣ ಸುಮ್ಮನಾಯ್ತು ನೋಡಿ, ಆ ಸದ್ದಿಲ್ಲದ ಗಳಿಗೆ ನನಗೆ ಈಗ್ಲೂ ನೆನಪಿದೆ. ಒಂದು ಸಲಕ್ಕೆ ಬೀಳೋ ಸಾಧ್ಯತೆ, ಅದೇ ಸೂತ್ರದಲ್ಲಿ ಬರೋ p, ಅಂದ್ರೆ ಏನು ಅಂತ ಆ ವರ್ಷದ ಮಕ್ಕಳಿಗೆ ಮತ್ತೆ ಹೇಳ್ಬೇಕಾಗ್ಲಿಲ್ಲ.

ಇದೇ ಡೇಟಾ ಇಟ್ಕೊಂಡು ಮುಂದೆ ಕೈ-ಸ್ಕ್ವೇರ್ ಟೆಸ್ಟ್‌ಗೂ ಹೋಗ್ಬಹುದು, ಅಂದ್ರೆ ಎಣಿಸಿದ್ದು ನಿರೀಕ್ಷೆಗೆ ಹೊಂದ್ತದಾ ಅಂತ ನೋಡೋ ಪರೀಕ್ಷೆಗೆ. ಒಂದು ಗುಂಪಿನ 64ರಲ್ಲಿ ಚೌಕ, ಬಾರದ ನಿರೀಕ್ಷೆ ನಾಲ್ಕು ನಾಲ್ಕೇ ಆಗಿರೋದ್ರಿಂದ ಐದಕ್ಕಿಂತ ಕಮ್ಮಿ ಇರಬಾರದು ಅನ್ನೋ ನಿಯಮಕ್ಕೆ ತಾಗ್ತದೆ, ಆಗ ಹತ್ತೂ ಗುಂಪಿನ ಕವಡೆ ಲೆಕ್ಕ ಕೂಡಿಸಿ 640 ಮಾಡ್ಬೇಕು ಅಂತ ಮಕ್ಕಳಿಗೇ ಹೊಳೀತದೆ. ಹುಣಸೆ ಬೀಜದವರನ್ನ ಯಾಕೆ ಅದ್ರ ಜೊತೆ ಕೂಡಿಸ್ಬಾರದು ಅಂತಾನೂ ಕೇಳಿ.

ಒಂದು ಗಂಟೆ ಪೀರಿಯಡ್ ಅಂದ್ರೆ ಆಟಕ್ಕೆ ಅರ್ಧ ಗಂಟೆ ಸಾಕು, ಕೊನೇ ಇಪ್ಪತ್ತು ನಿಮಿಷ ಮಾತಾಡೋಕೆ ಅಂತ ಕಡ್ಡಾಯವಾಗಿ ಉಳಿಸ್ಕೊಳ್ಳಿ. ಹುಡುಗರು ಇನ್ನೊಂದು ರೌಂಡ್ ಮೇಡಂ ಅಂತಾರೆ, ಕೊಡ್ಬೇಡಿ. ಆ ಇಪ್ಪತ್ತು ನಿಮಿಷ ಹೋದ್ರೆ ಅದು ಬರೀ ಚೌಕಾಬಾರ. ಗೆದ್ದವರಿಗೆ ಇಂಟರ್ನಲ್ ಮಾರ್ಕ್ಸ್ ಕೊಡೋ ಕೆಲಸ ಅಂತೂ ಬೇಡವೇ ಬೇಡ, ಕವಡೆ ಬಿದ್ದದ್ದಕ್ಕೆ ಮಾರ್ಕ್ಸ್ ಯಾಕೆ, ಕೊಡೋದಾದ್ರೆ ಆಮೇಲೆ ಬರೆದ ಒಂದು ಪುಟಕ್ಕೆ ಕೊಡಿ.

ಪ್ರಿನ್ಸಿಪಾಲರ ವಿಷಯ. ಅವರ ಹತ್ರ ವಾದ ಮಾಡೋಕೆ ಹೋಗ್ಬೇಡಿ, ಆ ದಿನ ಕ್ಲಾಸಿಗೆ ಕರೀರಿ, ಕೊನೇ ಇಪ್ಪತ್ತು ನಿಮಿಷಕ್ಕೆ. ಲೆಸನ್ ಪ್ಲಾನಲ್ಲಿ ಯೂನಿಟ್ ಹೆಸರು, ಯಾವ ಸೂತ್ರ ಅಂತ ಸರಿಯಾಗಿ ಬರೆದಿಡಿ. ನಮ್ಮ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಶ್ರೀತತ್ತ್ವನಿಧಿಯಲ್ಲಿ ಕೊನೇ ಭಾಗ ಕೌತುಕನಿಧಿಯನ್ನ ಆಟಗಳಿಗೇ ಮೀಸಲಿಟ್ಟಿದ್ರು, ಹಾವು ಏಣಿ ಆಟ ಕೂಡ ನಮ್ಮಲ್ಲಿ ಪಾಪ ಪುಣ್ಯ ಕಲಿಸೋಕೆ ಹುಟ್ಟಿದ್ದು, ಇದನ್ನೂ ಮಾತಿನ ಮಧ್ಯೆ ಹೇಳಿ ನೋಡಿ.

ಪ್ರಶ್ನೆ: ತೀರ್ಥಹಳ್ಳಿ ಕಡೆ ಅರ್ಥಶಾಸ್ತ್ರ ಲೆಕ್ಚರರ್ ನಾನು. ಮೊಬೈಲಲ್ಲಿ ಕ್ವಿಜ್ ಆಪ್ ಹಾಕಿ ಪಾಯಿಂಟ್ಸ್, ಲೀಡರ್‌ಬೋರ್ಡ್ ಎಲ್ಲ ಮಾಡ್ತಿದೀನಿ, ಮಕ್ಕಳು ಖುಷಿಯಾಗಿದಾರೆ, ಆದ್ರೆ ಪರೀಕ್ಷೆಲಿ ಡಿಮಾಂಡ್ ಸಪ್ಲೈ ಪ್ರಶ್ನೆಗೆ ಮತ್ತದೇ ಬಾಯಿಪಾಠ. ಎಲ್ಲಿ ತಪ್ತಿದೆ?

ಉತ್ತರ: ನೀವು ಮಾಡ್ತಿರೋದು ತಪ್ಪಲ್ಲ, ನೆನಪು ಗಟ್ಟಿ ಮಾಡೋಕೆ ಕ್ವಿಜ್ ನಿಜವಾಗ್ಲೂ ಒಳ್ಳೇದು. ಕಹೂಟ್ ಅಂತ ನಾರ್ವೆಯವರ ಆಪ್ 2013ರಲ್ಲಿ ಬಂದಾಗಿಂದ ಜಗತ್ತಿನ ಎಲ್ಲ ಕಡೆ ಬಳಸ್ತಾರೆ, ನಾನೂ ಬಳಸಿದೀನಿ. ಆದ್ರೆ ಅದು ಪ್ರಶ್ನೆಪತ್ರಿಕೆಗೆ ಬಣ್ಣ ಹಚ್ಚಿದ ಹಾಗೆ, ಪ್ರಶ್ನೆ ಪ್ರಶ್ನೆಯಾಗೇ ಇರ್ತದೆ. ನಿಮ್ಮ ವಿಷಯ ಆಟದ ರೂಲ್ಸ್ ಒಳಗೇ ಇರ್ಬೇಕು, ಆಡೋನು ಒಂದು ತೀರ್ಮಾನ ತಗೋಬೇಕು, ಆ ತೀರ್ಮಾನ ತಗೊಳ್ಳೋಕೆ ಪಾಠ ಬೇಕಾಗ್ಬೇಕು. ನಾನು ಶುರುವಿನಲ್ಲಿ ಒಂದು ಹಾವು ಏಣಿ ಪಟ ಬರೆಸಿ ಮನೆ ಮನೆಗೂ ಒಂದೊಂದು ಪ್ರಶ್ನೆ ಚೀಟಿ ಇಟ್ಟಿದ್ದೆ, ಎಲ್ಲ ಉತ್ತರ ಸರಿ ಹೇಳಿದ ಹುಡುಗಿಯನ್ನ ಹಾವು ನುಂಗ್ತು, ಒಂದೂ ಗೊತ್ತಿಲ್ಲದವನು ಏಣಿ ಹತ್ತಿ ಗೆದ್ದ. ದಾಳಕ್ಕೂ ಸ್ಟಾಟಿಸ್ಟಿಕ್ಸ್‌ಗೂ ಅಲ್ಲಿ ಸಂಬಂಧವೇ ಇರ್ಲಿಲ್ಲ, ಆ ಹುಡುಗಿಗೆ ನಾನು ಅನ್ಯಾಯ ಮಾಡ್ದೆ ಅಂತ ಇವತ್ತಿಗೂ ಅನ್ಸ್ತದೆ.

ನಿಮಗೆ ಡಿಮಾಂಡ್ ಸಪ್ಲೈ ತಾನೇ, ಅಡಿಕೆ ಮಂಡಿ ಆಡ್ಸಿ. ಇಪ್ಪತ್ತು ಜನ ಬೆಳೆಗಾರರು, ಇಪ್ಪತ್ತು ಜನ ಖರೀದಿದಾರರು, ಪ್ರತಿಯೊಬ್ಬರ ಹತ್ರ ಒಂದು ಕ್ವಿಂಟಾಲ್ ರಾಶಿ ಅಡಿಕೆಯ ವ್ಯಾಪಾರ. ಬೆಳೆಗಾರರ ಚೀಟಿಲಿ ಇದಕ್ಕಿಂತ ಕಮ್ಮಿಗೆ ಕೊಟ್ರೆ ನಷ್ಟ ಅಂತ 36 ಸಾವಿರದಿಂದ 55 ಸಾವಿರದವರೆಗೆ ಒಂದೊಂದು ಸಾವಿರ ಏರಿಸಿ ಬರೀರಿ, ಖರೀದಿದಾರರ ಚೀಟಿಲಿ ಇದಕ್ಕಿಂತ ಜಾಸ್ತಿ ಕೊಡಬಾರದು ಅಂತ 37ರಿಂದ 56 ಸಾವಿರ. ಚೀಟಿ ಯಾರಿಗೂ ತೋರಿಸೋ ಹಾಗಿಲ್ಲ, ರೇಟು ಮಾತ್ರ ಜೋರಾಗಿ ಕೂಗಿ ಹೇಳ್ಬೇಕು. ವ್ಯಾಪಾರ ಕುದುರಿದ ಹಾಗೆ ಬೋರ್ಡ್ ಮೇಲೆ ರೇಟು ಬರೀತಾ ಹೋಗಿ. ಮೊದಲ ರೌಂಡಲ್ಲಿ ಚೆಲ್ಲಾಪಿಲ್ಲಿ ಇರ್ತದೆ, ಅದೇ ಚೀಟಿ ಇಟ್ಕೊಂಡು ಮೂರ್ನಾಲ್ಕು ರೌಂಡ್ ಆಡ್ಸಿದ್ರೆ ರೇಟು 46 ಸಾವಿರದ ಆಸುಪಾಸಿಗೆ ಬಂದು ನಿಲ್ತಾ ಬರ್ತದೆ, ವ್ಯಾಪಾರ ಹತ್ತು ಹನ್ನೊಂದು ಆಗ್ತದೆ. ಆಮೇಲೆ ಆ ಚೀಟಿಗಳನ್ನ ಏರಿಕೆ ಇಳಿಕೆ ಜೋಡಿಸಿ ಗೆರೆ ಎಳೀರಿ, ಎರಡು ಗೆರೆ ಕೂಡೋದು 46ರಲ್ಲೇ. ಯಾರೂ ಹೇಳಿಕೊಡದೆ, ಯಾರಿಗೂ ಪೂರ್ತಿ ಗೊತ್ತಿಲ್ಲದೆ ನಲವತ್ತು ಜನ ಅಲ್ಲಿಗೆ ಹೇಗೆ ಬಂದ್ರು ಅನ್ನೋದು ಅರ್ಥಶಾಸ್ತ್ರದ ದೊಡ್ಡ ಬೆರಗು.

ಇದು ನನ್ನ ಕಲ್ಪನೆಯಲ್ಲ. ಹಾರ್ವರ್ಡ್‌ನಲ್ಲಿ ಎಡ್ವರ್ಡ್ ಚೇಂಬರ್ಲಿನ್ ಅನ್ನೋ ಪ್ರೊಫೆಸರ್ ತಮ್ಮ ಕ್ಲಾಸಲ್ಲಿ ಇಂಥ ಚೀಟಿ ಸಂತೆ ಮಾಡಿಸಿ 1948ರಲ್ಲಿ ಅದರ ಬಗ್ಗೆ ಬರೆದ್ರು, ಅವರ ಸಂತೇಲಿ ರೇಟು ಸಿದ್ಧಾಂತ ಹೇಳಿದ ಕಡೆ ಬರ್ಲಿಲ್ಲ. ಅವರ ವಿದ್ಯಾರ್ಥಿಯಾಗಿ ಆ ಸಂತೇಲಿ ಕೂತಿದ್ದ ವರ್ನನ್ ಸ್ಮಿತ್ ಮುಂದೆ ಎಲ್ಲರಿಗೂ ಕೇಳೋ ಹಾಗೆ ಕೂಗ್ಬೇಕು, ಮತ್ತೆ ಮತ್ತೆ ಆಡ್ಸ್ಬೇಕು ಅಂತ ರೂಲ್ಸ್ ಬದಲಾಯಿಸಿದ್ರು, ಆಗ ರೇಟು ಬಂದು ಕೂತ್ಕೊಳ್ತು. 1962ರಲ್ಲಿ ಅದನ್ನ ಪ್ರಕಟ ಮಾಡಿದ್ರು, 2002ರಲ್ಲಿ ನೊಬೆಲ್ ಬಂತು.

ಪ್ರಶ್ನೆ: ಮೇಡಂ, ನಾನು ಎಂಬಿಎ ಸ್ಟೂಡೆಂಟ್, ಭದ್ರಾವತಿ ಹುಡುಗ. ಕ್ಲಾಸಲ್ಲಿ ಬೀರ್ ಗೇಮ್ ಆಡ್ಸಿದ್ರು, ನಾನು ಫ್ಯಾಕ್ಟರಿ. ಮೊದ್ಲು ಮಾಲು ಸಾಲ್ಲಿಲ್ಲ, ಆಮೇಲೆ ಬೇಡ ಅಂದ್ರೂ ರಾಶಿ ಬಿತ್ತು, ನಮ್ ಟೇಬಲ್ಲೇ ಲಾಸ್ಟು. ಎಲ್ರೂ ನಕ್ರು, ಬೆಲ್ ಆಯ್ತು, ನೆಕ್ಸ್ಟ್ ಕ್ಲಾಸಲ್ಲಿ ಬೇರೆ ಚಾಪ್ಟರ್. ನಾನು ಏನ್ ತಪ್ಪು ಮಾಡ್ದೆ ಅಂತಾನೇ ಗೊತ್ತಾಗ್ಲಿಲ್ಲ.

ಉತ್ತರ: ತಮ್ಮಾ, ನಿನ್ನ ಪತ್ರ ಓದಿ ಬೇಜಾರಾಯ್ತು, ಯಾಕಂದ್ರೆ ನಿಂಗೆ ಆಟದ ಅರ್ಧ ಮಾತ್ರ ಸಿಕ್ಕಿದೆ. ಅದು 1960ರ ದಶಕದಲ್ಲಿ ಅಮೆರಿಕದ ಎಂಐಟಿಯಲ್ಲಿ ಮಾಡಿದ ಆಟ, ಅಂಗಡಿ, ಹೋಲ್‌ಸೇಲ್, ಡಿಸ್ಟ್ರಿಬ್ಯೂಟರ್, ಫ್ಯಾಕ್ಟರಿ ಅಂತ ನಾಲ್ಕು ಜನ, ಪ್ರತಿಯೊಬ್ಬನಿಗೂ ಕೆಳಗಿನವನ ಆರ್ಡರ್ ಚೀಟಿ ಬಿಟ್ರೆ ಬೇರೇನೂ ಕಾಣಲ್ಲ, ಮಾಲು ಬರೋಕೆ ಎರಡು ವಾರ ತಡ. ಗಿರಾಕಿ ಮಾಡೋದು ಏನು ಗೊತ್ತಾ? ಮೊದಲ ನಾಲ್ಕು ವಾರ ನಾಲ್ಕು ನಾಲ್ಕು ಕೇಸ್ ಕೇಳ್ತಾನೆ, ಐದನೇ ವಾರದಿಂದ ಎಂಟು, ಆಮೇಲೆ ಕೊನೇವರೆಗೂ ಎಂಟೇ. ಅಷ್ಟೇ ಬದಲಾವಣೆ. ಅದು ನಿನ್ನ ಹತ್ರ ಬರೋ ಹೊತ್ತಿಗೆ ಇಪ್ಪತ್ತು, ಮೂವತ್ತು ಆಗಿರ್ತದೆ, ಯಾಕಂದ್ರೆ ನಡುವಿನ ಪ್ರತಿಯೊಬ್ಬನೂ ಹೆದರಿ ನಾಲ್ಕು ಜಾಸ್ತಿ ಬರೀತಾನೆ, ಮಾಲು ಬರ್ಲಿಲ್ಲ ಅಂತ ಮತ್ತೆ ಬರೀತಾನೆ, ದಾರೀಲಿ ಇರೋ ಮಾಲನ್ನ ಮರೀತಾನೆ. ನಮ್ಮ ಕಡೆ ಮಳೆಗೆ ಮುಂಚೆ ಮೈಲುತುತ್ತ ಸಿಗಲ್ವಂತೆ ಅಂತ ಒಂದು ಮಾತು ಎದ್ರೆ ಏನಾಗ್ತದೆ ಯೋಚನೆ ಮಾಡು, ಅಡಿಕೆಗೆ ಕೊಳೆ ರೋಗದ ಔಷಧಿ ಹೊಡೀಬೇಕಲ್ಲ, ಎರಡು ಮೂಟೆ ಬೇಕಾದವನು ನಾಲ್ಕು ಹೇಳಿಡ್ತಾನೆ, ಅಂಗಡಿಯವನು ಅದನ್ನ ನೋಡಿ ಇನ್ನೂ ಜಾಸ್ತಿ ತರಿಸ್ತಾನೆ, ಆಗಸ್ಟಿಗೆ ಗೋಡೌನ್ ತುಂಬಾ ಮೂಟೆ.

ಜಾನ್ ಸ್ಟರ್ಮನ್ ಅನ್ನೋರು ಈ ಆಟದ ಮೇಲೆ 1989ರಲ್ಲಿ ಬರೆದಿದಾರೆ, ಯಾರು ಆಡಿದ್ರೂ ಇದೇ ಏರಿಳಿತ, ಮತ್ತೆ ಆಡಿದವರು ಗಿರಾಕಿಯೇ ಹುಚ್ಚಾಪಟ್ಟೆ ಆರ್ಡರ್ ಮಾಡಿದ ಅಂದ್ಕೊಳ್ತಾರೆ. ಅಂದ್ರೆ ನೀನು ದಡ್ಡ ಅಂತಲ್ಲ, ಆ ಕುರ್ಚಿಲಿ ಯಾರು ಕೂತ್ರೂ ಹೆಚ್ಚು ಕಮ್ಮಿ ಹಾಗೇ ಆಗ್ತಿತ್ತು, ಅದನ್ನ ಹೇಳೋಕೇ ಆ ಆಟ ಇರೋದು. ನಿಮ್ಮ ಸರ್ ಹತ್ರ ಹೋಗಿ ಆರ್ಡರ್ ಶೀಟ್ ಕೇಳು, ನಾಲ್ಕೂ ಜನರದ್ದು ಒಂದೇ ಗ್ರಾಫ್ ಹಾಳೆ ಮೇಲೆ ನಾಲ್ಕು ಬಣ್ಣದಲ್ಲಿ ಎಳಿ, ಕೆಳಗೆ ಗಿರಾಕಿಯ ಗೆರೆ. ಅರ್ಧ ಗಂಟೆ ಕ್ಲಾಸಲ್ಲಿ ತೋರಿಸೋಕೆ ಬಿಡಿ ಸರ್ ಅಂತ ಕೇಳು. ಬಿಡ್ತಾರೆ.

ಪ್ರಶ್ನೆ: ಹಿಸ್ಟರಿ ಲೆಕ್ಚರರ್ ನಾನು. ಕಾಗೋಡು ಸತ್ಯಾಗ್ರಹವನ್ನ, ಅದೇ ಗೇಣಿ ರೈತರು ಭೂಒಡೆಯರ ವಿರುದ್ಧ ಮಾಡಿದ ಹೋರಾಟವನ್ನ, ಪಾತ್ರ ಹಂಚಿ ಆಡ್ಸ್ಬೇಕು ಅಂತಿದೀನಿ. ಆದ್ರೆ ನಮ್ಮ ಕ್ಲಾಸಲ್ಲಿ ಗೇಣಿ ಕೊಟ್ಟ ಮನೆಯ ಮಕ್ಕಳೂ ಇದಾರೆ, ಗೇಣಿ ತಗೊಂಡ ಮನೆಯ ಮಕ್ಕಳೂ ಇದಾರೆ. ಹೆದರಿಕೆ ಆಗ್ತಿದೆ.

ಉತ್ತರ: ನಿಮಗೆ ಹೆದರಿಕೆ ಆಗ್ತಿದೆ ಅಂದ್ರೇನೇ ನೀವು ಇದನ್ನ ಆಡ್ಸ್ಬಹುದು ಅಂತ ನನಗೆ ಧೈರ್ಯ. ನ್ಯೂಯಾರ್ಕಿನ ಬರ್ನಾರ್ಡ್ ಕಾಲೇಜಲ್ಲಿ ಮಾರ್ಕ್ ಕಾರ್ನ್ಸ್ ಅನ್ನೋ ಇತಿಹಾಸದ ಮೇಷ್ಟ್ರು 1990ರ ದಶಕದಲ್ಲಿ ಈ ರೀತಿ ಶುರು ಮಾಡಿದ್ರು, ಮಕ್ಕಳೇ ಆ ಕಾಲದ ಜನರಾಗಿ ಮೂಲ ದಾಖಲೆ ಓದಿ ವಾರಗಟ್ಟಲೆ ವಾದ ಮಾಡ್ತಾರೆ, ಮೇಷ್ಟ್ರು ಹಿಂದೆ ಕೂತಿರ್ತಾರೆ. ಕಾಗೋಡಿಗೆ ಇದು ತುಂಬ ಒಪ್ತದೆ, 1951 ಏಪ್ರಿಲ್‌ನಲ್ಲಿ ಶುರುವಾದ ಹೋರಾಟ, ಗಣಪತಿಯಪ್ಪನವರ ರೈತ ಸಂಘ, ಶಾಂತವೇರಿ ಗೋಪಾಲಗೌಡರ ಸಮಾಜವಾದಿ ಪಕ್ಷ, ಲೋಹಿಯಾ ಬಂದು ಅರೆಸ್ಟ್ ಆದದ್ದು, ಎಷ್ಟು ಥರದ ಜನ ಇದಾರೆ ನೋಡಿ.

ಪಾತ್ರವನ್ನ ಚೀಟಿ ಎತ್ತಿಸಿಯೇ ಕೊಡಿ, ನೀವಾಗಿ ಯಾರಿಗೂ ಕೊಡ್ಬೇಡಿ, ಹೆಸರು ಅಡ್ಡಹೆಸರು ನೋಡಿ ಕೊಟ್ರು ಅಂತ ಒಂದು ಮಗುವಿಗೆ ಅನ್ಸಿದ್ರೂ ಮುಗೀತು. ಚೀಟಿ ಬೇಡ ಅನ್ನೋರಿಗೆ ಕಾರಣ ಕೇಳದೆ ಪತ್ರಕರ್ತರ ಕೆಲಸ ಕೊಡಿ. ಮತ್ತೆ ಜಗಳ ಕೊಳಗದ್ದು, ಅಂದ್ರೆ ಗೇಣಿ ಭತ್ತ ಅಳೆಯೋ ಪಾತ್ರೆಯದ್ದು ಅನ್ನೋದನ್ನ ಮರೀಬೇಡಿ, ಭಾಷಣಕ್ಕಿಂತ ಮುಂಚೆ ಅಳತೆ ತೋರಿಸಿ. ಎರಡು ಡಬ್ಬ ತನ್ನಿ, ದೂರದಿಂದ ನೋಡಿದ್ರೆ ಒಂದೇ ಥರ ಕಾಣ್ಬೇಕು, ಆದ್ರೆ ಒಂದರಲ್ಲಿ ಅರ್ಧ ಸೇರು ಜಾಸ್ತಿ ಹಿಡೀಬೇಕು. ಗೇಣಿ ಪಾತ್ರದವರು ಇಪ್ಪತ್ತು ಕೊಳಗ ಭತ್ತ ಅಳೆದು ಕೊಡ್ಲಿ, ದೊಡ್ಡ ಡಬ್ಬದಲ್ಲಿ. ಆಮೇಲೆ ಅದೇ ಭತ್ತವನ್ನ ಸಣ್ಣ ಡಬ್ಬದಲ್ಲಿ ಅಳೆಸಿ. ಹತ್ತು ಸೇರು ಹೆಚ್ಚು ಹೋಗಿರ್ತದೆ. ಭತ್ತ ಕೈಯಿಂದ ಸುರಿದು ಆ ಹತ್ತು ಸೇರು ಕಣ್ಣೆದುರು ರಾಶಿ ಬಿದ್ದಾಗ ಒಡೆಯನ ಪಾತ್ರದ ಹುಡುಗನಿಗೂ ಮಾತು ನಿಲ್ತದೆ.

ಆಟ ಮುಗಿದ ತಕ್ಷಣ ಪಾತ್ರ ಬಿಡಿಸಿ. ಪ್ರತಿಯೊಬ್ರೂ ಎದ್ದು ತಮ್ಮ ಸ್ವಂತ ಹೆಸರು ಹೇಳಿ, ನಾನು ಆಡಿದ ಪಾತ್ರದ ಮಾತಲ್ಲಿ ನಾನು ಒಪ್ಪೋದು ಇದು, ಒಪ್ಪದೇ ಇರೋದು ಇದು ಅಂತ ಎರಡು ವಾಕ್ಯ ಹೇಳ್ಲಿ. 1974ರ ಭೂಸುಧಾರಣೆ ಆದ್ಮೇಲೆ ಯಾರ ಮನೇಲಿ ಏನಾಯ್ತು ಅನ್ನೋ ಮಾತು ಬರಬಹುದು, ಬಂದ್ರೆ ತಡೀಬೇಡಿ, ಬರ್ಲಿಲ್ಲ ಅಂದ್ರೆ ಕೆದಕಬೇಡಿ. ಶರಾವತಿ ಮುಳುಗಡೆ ಬಗ್ಗೆ ಇದೇ ಥರ ಆಡ್ಸೋಣ ಅಂತ ನನ್ನ ಸ್ನೇಹಿತೆ ಒಬ್ರು ಯೋಚಿಸಿದ್ರು, ಕ್ಲಾಸಲ್ಲಿ ಲಿಂಗನಮಕ್ಕಿ ನೀರಲ್ಲಿ ಮನೆ ಕಳ್ಕೊಂಡವರ ಮೊಮ್ಮಕ್ಕಳು ಆರು ಜನ ಇದ್ರು, ಅವ್ರು ಆಟ ಬಿಟ್ಟು ಆ ಮಕ್ಕಳ ಅಜ್ಜಂದಿರನ್ನೇ ಕರೆಸಿ ಮಾತಾಡ್ಸಿದ್ರು. ಅದು ಸರಿಯಾದ ತೀರ್ಮಾನ ಅಂತ ನನಗೆ ಅನ್ಸ್ತದೆ, ಗಾಯ ಹಸಿ ಇರೋ ಕಡೆ ಆಟ ಬೇಡ.

ಪ್ರಶ್ನೆ: ನಾನು ಹೊಸನಗರದ ಹತ್ರದ ಅಡಿಕೆ ಬೆಳೆಗಾರ. ಮಗಳು ಎಂಎ ಅರ್ಥಶಾಸ್ತ್ರ ಓದ್ತಿದಾಳೆ, ಹಾಸ್ಟೆಲಿಂದ ಫೋನ್ ಮಾಡಿ ಇವತ್ತು ಕ್ಲಾಸಲ್ಲಿ ಹುಣಸೆ ಬೀಜ ಇಟ್ಕೊಂಡು ಎರಡು ಗಂಟೆ ಆಟ ಆಡಿದ್ವಿ ಅಪ್ಪ ಅಂದ್ಲು. ಫೀಸು ಕಟ್ಟಿ ಕಳ್ಸಿದ್ದು ಇದಕ್ಕಾ ಅಂತ ಕೇಳಿದ್ರೆ ತಪ್ಪಾ?

ಉತ್ತರ: ಕೇಳೋದು ಖಂಡಿತ ತಪ್ಪಲ್ಲ, ನಿಮ್ಮ ದುಡ್ಡು, ನಿಮ್ಮ ಮಗಳು. ಅವಳು ಆಡಿದ್ದು ಯಾವ ಆಟ ಅಂತ ಬರೆದಿಲ್ಲ, ಆದ್ರೆ ಅರ್ಥಶಾಸ್ತ್ರ, ಬೀಜ, ಎರಡು ಗಂಟೆ ಅಂದ್ರೆ ನಾನು ಊಹಿಸೋದು ಒಂದಿದೆ, ಅದನ್ನ ನಿಮ್ಮ ಸೊಪ್ಪಿನ ಬೆಟ್ಟದ, ಅಂದ್ರೆ ತೋಟಕ್ಕೆ ಸೊಪ್ಪು ತರೋ ಕಾಡಿನ ಲೆಕ್ಕದಲ್ಲೇ ಹೇಳ್ತೀನಿ.

ಹತ್ತು ಮನೆಗೆ ಸೇರಿ ಒಂದು ಬೆಟ್ಟ, ಅದರಲ್ಲಿ ನೂರು ಹೊರೆ ಸೊಪ್ಪು, ಅಂದ್ರೆ ನೂರು ಬೀಜ. ಪ್ರತಿ ವರ್ಷ ಎಲ್ಲರೂ ಗುಟ್ಟಾಗಿ ತಮಗೆ ಬೇಕಾದಷ್ಟು ತಗೋಬಹುದು, ಉಳಿದದ್ದು ಒಂದೂವರೆಯಷ್ಟು ಚಿಗುರ್ತದೆ, ಆದ್ರೆ ನೂರು ದಾಟಲ್ಲ. ಮನೆಗೆ ಮೂರು ಹೊರೆ ತಗೊಂಡ್ರೆ ಎಪ್ಪತ್ತು ಉಳೀತದೆ, ಮತ್ತೆ ನೂರಕ್ಕೆ ಬರ್ತದೆ, ಹೀಗೇ ಎಷ್ಟು ವರ್ಷ ಬೇಕಾದ್ರೂ ನಡೀಬಹುದು. ಐದೈದು ತಗೊಂಡ್ರೆ ಐವತ್ತು ಉಳಿದು ಎಪ್ಪತ್ತೈದು ಆಗ್ತದೆ, ಮರುವರ್ಷ ಇಪ್ಪತ್ತೈದು ಉಳಿದು ಮೂವತ್ತೇಳು, ಮೂರನೇ ವರ್ಷ ಬೆಟ್ಟ ಬೋಳು. ಮಾತಾಡೋಕೆ ಬಿಡದೆ ಆಡ್ಸಿದ್ರೆ ಎಂಎ ಓದೋ ಬುದ್ಧಿವಂತ ಮಕ್ಕಳೂ ಬೋಳಿಸ್ತಾರೆ, ಯಾಕಂದ್ರೆ ನಾನು ಬಿಟ್ರೆ ಪಕ್ಕದವನು ಕಡೀತಾನೆ ಅನ್ನೋ ಭಯ. ಎರಡನೇ ಸಲ ಕೂತು ಮಾತಾಡಿ ಆಡಿ ಅಂದ್ರೆ ಬಹಳಷ್ಟು ಗುಂಪು ಬೆಟ್ಟ ಉಳಿಸ್ಕೊಳ್ತವೆ.

ಹಂಚಿಕೊಂಡದ್ದು ಹಾಳಾಗೇ ಆಗ್ತದೆ ಅಂತ ಗ್ಯಾರೆಟ್ ಹಾರ್ಡಿನ್ 1968ರಲ್ಲಿ ಬರೆದದ್ದು ಬಹಳ ಹೆಸರಾಯ್ತು. ಹಾಗೇನಿಲ್ಲ, ಊರವರು ತಾವೇ ಕಟ್ಟಳೆ ಮಾಡ್ಕೊಂಡು ಕಾಡು, ನೀರು, ಮೀನು ಉಳಿಸ್ಕೊಂಡಿದಾರೆ ಅಂತ ಜಗತ್ತಿನ ಎಷ್ಟೋ ಊರುಗಳ ಲೆಕ್ಕ ತೆಗೆದು ತೋರಿಸಿದವರು ಎಲಿನಾರ್ ಆಸ್ಟ್ರಮ್, ಇಂಥ ಆಟಗಳನ್ನ ವಿದ್ಯಾರ್ಥಿಗಳ ಕೈಲಿ ಆಡ್ಸಿಯೂ ಪರೀಕ್ಷೆ ಮಾಡಿದ್ರು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂದ ಮೊದಲ ಹೆಂಗಸು ಅವ್ರು. ನಿಮ್ಮ ಮಗಳ ಎರಡು ಗಂಟೆ ಅದಕ್ಕೆ ಹೋಗಿದ್ರೆ ಆ ದಿನದ ಫೀಸು ಚೆನ್ನಾಗೇ ದುಡಿದಿದೆ.

ಅವಳು ರಜಕ್ಕೆ ಬಂದಾಗ ಆ ಆಟವನ್ನ ಮನೇಲಿ ಆಡ್ಸು ಅಂತ ಕೇಳಿ. ಆಮೇಲೆ ನಿಮ್ಮ ಊರಲ್ಲಿ ಹಿಂದೆ ಬೆಟ್ಟಕ್ಕೆ ಸೊಪ್ಪಿಗೆ ಯಾವ ತಿಂಗಳು ಹೋಗ್ತಿದ್ರು, ಯಾವ ಮರದ ತುದಿ ಕಡೀಬಾರದು ಅಂತಿತ್ತು, ಯಾರಾದ್ರೂ ಜಾಸ್ತಿ ಕಡಿದ್ರೆ ಯಾರು ಕೇಳ್ತಿದ್ರು, ಇದನ್ನೆಲ್ಲ ನೀವು ಅವಳಿಗೆ ಹೇಳಿ, ಅವಳು ಬರ್ಕೊಳ್ಲಿ. ಪ್ರಾಜೆಕ್ಟ್ ವರ್ಕಿಗೆ ವಿಷಯ ಹುಡುಕೋ ಹೊತ್ತಿಗೆ ಬೇಕಾಗ್ತದೆ.